ಮನೆಯ ಶುಭಕಾರ್ಯಕ್ಕೆ ಫೋನ್ ಕ್ಯಾಮೆರಾ ಸಾಕೇ, ಫೋಟೋಗ್ರಾಫರ್ ಬೇಕೇ?

ಮದುವೆಯ ದಿನ ಗೊತ್ತಾಗಿ, ಛತ್ರ ಬುಕ್ ಆದ ಮೇಲೆ ಹೆಚ್ಚುಕಮ್ಮಿ ಎಲ್ಲ ಮನೆಗಳಲ್ಲೂ ಏಳುವ ಚರ್ಚೆ ಇದು. ‘ಈಗಿನ ಫೋನಲ್ಲೇ ಅಷ್ಟು ಚೆನ್ನಾಗಿ ಬರುತ್ತೆ, ಫೋಟೋದವರಿಗೆ ಯಾಕೆ ಅಷ್ಟೊಂದು ದುಡ್ಡು?’ ಎನ್ನುವವರು ಒಂದು ಕಡೆ. ‘ಆಮೇಲೆ ಒಂದು ಆಲ್ಬಮ್ಮೂ ಇಲ್ಲ ಅಂತ ಕೊರಗಬೇಕಾಗುತ್ತೆ’ ಎನ್ನುವ ಹಿರಿಯರು ಇನ್ನೊಂದು ಕಡೆ. ನಡುವೆ ಮದುಮಗಳ ತಂಗಿ ‘ರೀಲ್ಸ್ ಮಾಡೋಕೆ ಬೇರೆಯವರೇ ಬೇಕು’ ಎಂದು ಪಟ್ಟು ಹಿಡಿದಿರುತ್ತಾಳೆ. ಮೂವರ ಮಾತಿನಲ್ಲೂ ಹುರುಳಿದೆ.

ನಿಮ್ಮ ಮುಂದಿರುವ ದಾರಿಗಳು ನಾಲ್ಕು. ಮನೆಯವರೇ ಫೋನಿನಲ್ಲಿ ತೆಗೆಯುವುದು. ಫೋನ್ ಮತ್ತು ಗಿಂಬಲ್ (ಫೋನ್ ಅಲುಗದಂತೆ ಹಿಡಿದಿಡುವ ಹಿಡಿಕೆ) ಹಿಡಿದು ರೀಲ್ಸ್ ಮಾಡಿಕೊಡುವ ಹುಡುಗ ಹುಡುಗಿಯರನ್ನು ಕರೆಸುವುದು. ಒಳ್ಳೆಯ ಕ್ಯಾಮೆರಾ ಇರುವ ಒಬ್ಬರೇ ಫೋಟೋಗ್ರಾಫರ್. ಟ್ರೆಡಿಷನಲ್, ಕ್ಯಾಂಡಿಡ್ (ಪೋಸ್ ಇಲ್ಲದ ಸಹಜ ಚಿತ್ರ), ವಿಡಿಯೋ, ಡ್ರೋನ್ ಎಲ್ಲವೂ ಸೇರಿದ ಸ್ಟುಡಿಯೋ ತಂಡ. ಹದಿನೈದು ವರ್ಷದ ಹಿಂದೆ ಇಷ್ಟೊಂದು ಆಯ್ಕೆ ಇರಲಿಲ್ಲ. ಜಪಾನಿನ ಕ್ಯಾಮೆರಾ ತಯಾರಕರ ಒಕ್ಕೂಟದ ಲೆಕ್ಕದಂತೆ 2010ರಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಮಾರುಕಟ್ಟೆಗೆ ಹೋಗಿದ್ದವು. 2023ರಲ್ಲಿ ಅದು 80 ಲಕ್ಷಕ್ಕಿಂತ ಕೆಳಗಿತ್ತು. ಮಾಯವಾದದ್ದು ಮುಖ್ಯವಾಗಿ ಜೇಬಿನಲ್ಲಿ ಇಟ್ಟುಕೊಳ್ಳುವ ಸಣ್ಣ ಕ್ಯಾಮೆರಾ. ಅದರ ಕೆಲಸವನ್ನು ಫೋನ್ ಪೂರ್ತಿಯಾಗಿ ವಹಿಸಿಕೊಂಡಿದೆ. ಛತ್ರದ ಮಂಟಪದ ಮುಂದೆ ನಿಲ್ಲುವ ದೊಡ್ಡ ಕ್ಯಾಮೆರಾದ ಕೆಲಸವನ್ನು ಎಷ್ಟರಮಟ್ಟಿಗೆ ವಹಿಸಿಕೊಂಡಿದೆ ಎಂಬುದೇ ಇಲ್ಲಿ ನೋಡಬೇಕಾದದ್ದು.

ಮೊದಲು ಅಳತೆಗೋಲು

ಫೋಟೋ ಕೊನೆಗೆ ಎಲ್ಲಿ ಸೇರುತ್ತದೆ ಎಂಬುದನ್ನು ಎಲ್ಲಕ್ಕಿಂತ ಮೊದಲು ತೀರ್ಮಾನಿಸಿ. ಇನ್‌ಸ್ಟಾಗ್ರಾಮ್‌ಗೆ ಹಾಕುವ ಫೋಟೋ ಸಾಮಾನ್ಯವಾಗಿ 1080 ಪಿಕ್ಸೆಲ್ (ಚಿತ್ರದ ಚುಕ್ಕಿ) ಅಗಲ, 1350 ಪಿಕ್ಸೆಲ್ ಎತ್ತರ. ಗುಣಿಸಿದರೆ ಸುಮಾರು ಒಂದೂವರೆ ಮೆಗಾಪಿಕ್ಸೆಲ್, ಅಂದರೆ ಹದಿನೈದು ಲಕ್ಷ ಪಿಕ್ಸೆಲ್. ಎರಡು ಲಕ್ಷದ ಕ್ಯಾಮೆರಾದ 24 ಮೆಗಾಪಿಕ್ಸೆಲ್ ಫೋಟೋವೂ, ಫೋನಿನ 12 ಮೆಗಾಪಿಕ್ಸೆಲ್ ಫೋಟೋವೂ ಅಲ್ಲಿ ಅಷ್ಟಕ್ಕೇ ಇಳಿಯುತ್ತವೆ. ಬೆಳಕು ಚೆನ್ನಾಗಿದ್ದರೆ ಅಂಗೈಯಗಲದ ಪರದೆಯಲ್ಲಿ ಯಾವುದು ಯಾವುದರದು ಎಂದು ಹೇಳುವುದು ಕಸುಬಿನವರಿಗೂ ಕಷ್ಟ.

ಕಾಗದಕ್ಕೆ ಬಂದಾಗ ಲೆಕ್ಕ ಬೇರೆ. ಮದುವೆ ಆಲ್ಬಮ್‌ಗಳಲ್ಲಿ ಹೆಚ್ಚಾಗಿ ನಡೆಯುವುದು 12×36 ಇಂಚಿನ ಶೀಟು. ಮಡಿಸಿದಾಗ ಒಂದೊಂದು ಪುಟ 12×18 ಇಂಚು. ಲ್ಯಾಬ್‌ನವರು ಕೇಳುವಂತೆ ಇಂಚಿಗೆ 300 ಪಿಕ್ಸೆಲ್ ಬೇಕೆಂದರೆ ಆ ಒಂದು ಪುಟಕ್ಕೆ 5400×3600 ಪಿಕ್ಸೆಲ್ ಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾ ಕೊಡುವುದು 6000×4000, ಸರಾಗವಾಗಿ ಸಾಕು. 12 ಮೆಗಾಪಿಕ್ಸೆಲ್ ಫೋನ್ ಫೋಟೋವನ್ನು ಅದೇ ಪುಟಕ್ಕೆ ಹಿಗ್ಗಿಸಿದರೆ ಇಂಚಿಗೆ 220ರ ಆಸುಪಾಸು ಸಿಗುತ್ತದೆ. ಅದೂ ನಡೆಯುತ್ತದೆ, ಮೂಲ ಫೈಲ್ ಕೈಯಲ್ಲಿದ್ದರೆ. ಎಡವಟ್ಟಾಗುವುದು ವಾಟ್ಸ್ಆ್ಯಪ್‌ನಲ್ಲಿ. ಮಾಮೂಲಿಯಾಗಿ ಕಳಿಸಿದರೆ ಅದು ಫೋಟೋದ ಉದ್ದದ ಬದಿಯನ್ನು 1600 ಪಿಕ್ಸೆಲ್‌ಗೆ ಇಳಿಸುತ್ತದೆ. 18 ಇಂಚಿನ ಪುಟದಲ್ಲಿ ಅದು ಇಂಚಿಗೆ 89 ಪಿಕ್ಸೆಲ್. ಫೋನಿನಲ್ಲಿ ಹೊಳೆಯುತ್ತಿದ್ದ ಮೈಸೂರು ಸಿಲ್ಕಿನ ಜರಿಯಂಚು ಆಲ್ಬಮ್‌ನಲ್ಲಿ ಹಳದಿ ಪಟ್ಟಿಯಾಗಿ ಕಲಸಿಹೋಗುವುದು ಇದರಿಂದಲೇ. 2023ರಲ್ಲಿ ಬಂದ ಎಚ್‌ಡಿ ಆಯ್ಕೆ ಪರವಾಗಿಲ್ಲ. ಆದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಮಾತ್ರ ಫೈಲ್ ಇದ್ದಂತೆಯೇ ತಲುಪುತ್ತದೆ.

ಎರಡನೆಯದು ಬೆಳಕು. ಕ್ಯಾಮೆರಾದೊಳಗೆ ಬೆಳಕು ಬೀಳುವ ಸೆನ್ಸರ್‌ನ ವಿಸ್ತೀರ್ಣವೇ ಇಲ್ಲಿ ಬಂಡವಾಳ. ಫುಲ್‌ಫ್ರೇಮ್ ಕ್ಯಾಮೆರಾದ್ದು 36×24 ಮಿಲಿಮೀಟರ್. ಹಲವು ದುಬಾರಿ ಫೋನುಗಳ ಮುಖ್ಯ ಕ್ಯಾಮೆರಾದ್ದು 10×7 ಮಿಲಿಮೀಟರ್‌ನ ಹತ್ತಿರ. ಹನ್ನೆರಡರಲ್ಲಿ ಒಂದು ಪಾಲು. ಅದೇ ಫೋನಿನ ಜೂಮ್ ಕ್ಯಾಮೆರಾ, ಸೆಲ್ಫಿ ಕ್ಯಾಮೆರಾಗಳ ಸೆನ್ಸರ್ ಇನ್ನೂ ಸಣ್ಣದು. ಬೆಳಗಿನ ಚಪ್ಪರದ ಕೆಳಗೆ, ಕಿಟಕಿ ಪಕ್ಕದಲ್ಲಿ, ಹೊರಾಂಗಣದ ಅರಿಶಿನ ಶಾಸ್ತ್ರದಲ್ಲಿ ಈ ಕೊರತೆ ಗೊತ್ತಾಗುವುದೇ ಇಲ್ಲ. ಕತ್ತಲಲ್ಲಿ ಫೋನ್ ಒಂದು ಉಪಾಯ ಮಾಡುತ್ತದೆ: ಒಂದರ ಹಿಂದೆ ಒಂದು ಹಲವು ಫೋಟೋ ತೆಗೆದು ಒಂದರ ಮೇಲೊಂದು ಕೂರಿಸಿ ಒಂದೇ ಮಾಡಿಕೊಡುತ್ತದೆ. ಮೇಜಿನ ಮೇಲಿನ ಆರತಿ ತಟ್ಟೆಗೆ ಇದು ಅದ್ಭುತ. ಅಲುಗಾಡುವ ಮನುಷ್ಯರಿಗೆ ಸರಿಬರುವುದಿಲ್ಲ. ಮುಖ ಒಂದು ಫ್ರೇಮ್‌ನದು, ಕೈ ಇನ್ನೊಂದರದು ಆಗಿ ಮಸುಕು ಉಳಿಯುತ್ತದೆ.

ಮೂರನೆಯದು, ಮತ್ತೆ ಬಾರದ ಗಳಿಗೆ. ಅಂತರಪಟ ಸರಿದಾಗ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿ. ಪುರೋಹಿತರು ಬಟ್ಟೆ ಇಳಿಸುತ್ತಾರೆ, ಓಲಗದವರು ಗಟ್ಟಿಮೇಳ ಶುರು ಮಾಡುತ್ತಾರೆ, ಹುಡುಗ ಹುಡುಗಿ ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಹಾಕುತ್ತಾರೆ, ನಾಲ್ಕೂ ಕಡೆಯಿಂದ ಅಕ್ಷತೆ ಬೀಳುತ್ತದೆ. ಎಲ್ಲ ಸೇರಿ ನಾಲ್ಕೈದು ಸೆಕೆಂಡು. ಇಬ್ಬರ ಕಣ್ಣೂ ಕೂಡುವುದು ಒಂದು ಸೆಕೆಂಡಿಗಿಂತ ಕಡಿಮೆ. ಕೈಯ ಚಲನೆಯನ್ನು ನಿಲ್ಲಿಸಿ ಹಿಡಿಯಲು ಶಟರ್ (ಬೆಳಕನ್ನು ಒಳಬಿಡುವ ಬಾಗಿಲು) ತೆರೆದಿರುವ ಹೊತ್ತು 1/250 ಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಮಂಕು ಬೆಳಕಿನ ಛತ್ರದಲ್ಲಿ ಫೋನ್ ತಾನಾಗಿ ಆರಿಸಿಕೊಳ್ಳುವುದು 1/50 ಅಥವಾ 1/30. ಹೆಚ್ಚು ಬೆಳಕು ಒಳಬಿಡುವ ಎಫ್ 2.8 ಲೆನ್ಸ್ ಹಾಕಿ, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 3200 ಇಟ್ಟ ಕ್ಯಾಮೆರಾ ಅದೇ ಬೆಳಕಿನಲ್ಲಿ 1/250ರ ಹತ್ತಿರ ಹೋಗಬಲ್ಲದು. ಈ ಒಂದೇ ಕಾರಣಕ್ಕೆ ಧಾರೆಯ ಹೊತ್ತಿನ ತೂಕ ಬೇರೆ, ಉಳಿದ ದಿನದ ತೂಕ ಬೇರೆ.

ನಾಲ್ಕನೆಯದು ದೂರ. ಹತ್ತನೇ ಸಾಲಿನ ಕುರ್ಚಿಯಿಂದ ಮಂಟಪ ಸುಮಾರು 12 ಮೀಟರ್. ಅಲ್ಲಿಂದ ಫೋನಿನ ಮುಖ್ಯ ಕ್ಯಾಮೆರಾದಲ್ಲಿ ತೆಗೆದರೆ ನಿಂತ ಜೋಡಿ ಚಿತ್ರದ ಎತ್ತರದಲ್ಲಿ ಏಳನೇ ಒಂದು ಭಾಗ ಮಾತ್ರ. 12 ಮೆಗಾಪಿಕ್ಸೆಲ್ ಚಿತ್ರದಲ್ಲಿ ಅದು 430 ಪಿಕ್ಸೆಲ್, ಪ್ರಿಂಟಿನಲ್ಲಿ ಒಂದೂವರೆ ಇಂಚು. ಐದು ಪಟ್ಟು ಜೂಮ್ ಇರುವ ಫೋನಾದರೂ ಬೆಳಕು ಕಡಿಮೆಯಾದಾಗ ಹಲವು ಫೋನುಗಳು ಜೂಮ್ ಲೆನ್ಸನ್ನು ಬಿಟ್ಟು ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುತ್ತವೆ. ಮುಖ ಎಣ್ಣೆಬಣ್ಣದ ಚಿತ್ರದಂತೆ ಕಾಣುವುದು ಆಗ.

ಐದನೆಯದು ಹೊಣೆ. ಫೈಲ್ ಹೋದರೆ ಯಾರನ್ನು ಕೇಳುತ್ತೀರಿ? ಆರನೆಯದು ವೇಗ: ಸಂಜೆಯೊಳಗೆ ಸ್ಟೇಟಸ್‌ಗೆ ಬೇಕೇ, ಮೂರು ತಿಂಗಳಾದರೂ ಪರವಾಗಿಲ್ಲವೇ? ಹಣದ ಮಾತು ಇಷ್ಟಾದ ಮೇಲೆ.

ಮನೆಯವರ ಫೋನ್

ನಾಮಕರಣ, ಸೀಮಂತ, ಹುಟ್ಟುಹಬ್ಬ, ಮನೆಯಲ್ಲೇ ನಡೆಯುವ ನಿಶ್ಚಿತಾರ್ಥ, 40–50 ಜನರ ಕೂಟ: ಇವಕ್ಕೆ ಫೋನ್ ಧಾರಾಳವಾಗಿ ಸಾಕು. ಹತ್ತಿರದಿಂದ ತೆಗೆಯಬಹುದು, ಹಗಲು ಹೊತ್ತು, ಜನ ಸಂಕೋಚವಿಲ್ಲದೆ ನಗುತ್ತಾರೆ. ಅಜ್ಜಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವಾಗಿನ ಮುಖವನ್ನು ಅಪರಿಚಿತ ಫೋಟೋಗ್ರಾಫರ್‌ಗಿಂತ ಮೊಮ್ಮಗಳ ಫೋನೇ ಚೆನ್ನಾಗಿ ಹಿಡಿಯುತ್ತದೆ. ಇಂಥ ಕಡೆ ಸಾವಿರಾರು ರೂಪಾಯಿ ಸುರಿಯುವ ಅಗತ್ಯ ಖಂಡಿತ ಇಲ್ಲ.

ಆದರೆ ‘ಎಲ್ಲರ ಹತ್ತಿರವೂ ಫೋನ್ ಇದೆಯಲ್ಲ’ ಎಂದು ನಂಬಿ ಕೂತರೆ ಕೆಲಸ ಕೆಡುತ್ತದೆ. ಎಲ್ಲರೂ ತೆಗೆಯುತ್ತಾರೆ, ಎಲ್ಲರೂ ಅದೇ ಆರತಿಯನ್ನು ತೆಗೆಯುತ್ತಾರೆ, ದೊಡ್ಡಪ್ಪ ದೊಡ್ಡಮ್ಮ ಒಂದರಲ್ಲೂ ಇರುವುದಿಲ್ಲ. ಒಬ್ಬರನ್ನು ಗೊತ್ತು ಮಾಡಿ. ಅವರಿಗೆ ಊಟ ಬಡಿಸುವ, ನೆಂಟರನ್ನು ಕರೆತರುವ ಬೇರೆ ಯಾವ ಕೆಲಸವನ್ನೂ ಹೇಳಬೇಡಿ. ಬೇಕಾದ ಗುಂಪು ಫೋಟೋಗಳ ಪಟ್ಟಿಯನ್ನು ಕಾಗದದಲ್ಲಿ ಬರೆದುಕೊಡಿ.

ಹಿಂದಿನ ದಿನವೇ ಫೋನಿನಲ್ಲಿ ಕನಿಷ್ಠ 60 ಜಿಬಿ ಖಾಲಿ ಮಾಡಿಸಿ. 4ಕೆ ವಿಡಿಯೋ ಸೆಕೆಂಡಿಗೆ 30 ಫ್ರೇಮ್‌ನಲ್ಲಿ ನಿಮಿಷಕ್ಕೆ ಸುಮಾರು 170 ಎಂಬಿ ನುಂಗುತ್ತದೆ, ಗಂಟೆಗೆ 10 ಜಿಬಿ. ಬ್ಯೂಟಿ ಮೋಡ್ ಆಫ್ ಮಾಡಿಸಿ; ಅದು ಚರ್ಮದ ಜತೆ ಅರಿಶಿನದ ಗುರುತು, ಅಜ್ಜನ ಮುಖದ ಗೆರೆಗಳನ್ನೂ ಒರೆಸಿಹಾಕುತ್ತದೆ. ಪೋರ್ಟ್ರೇಟ್ ಮೋಡ್‌ನಲ್ಲಿ ಹಿನ್ನೆಲೆ ಮಸುಕಾಗುವುದು ಲೆನ್ಸಿನಿಂದಲ್ಲ, ಲೆಕ್ಕಾಚಾರದಿಂದ. ಹೂವಿನ ಜಡೆ, ಬಾಸಿಂಗದ ಮುತ್ತಿನ ಎಳೆ, ಕನ್ನಡಕದ ಅಂಚು ಅರ್ಧ ಕತ್ತರಿಸಿಹೋಗಿರುತ್ತವೆ. ಹಾಗಾಗಿ ಮುಖ್ಯ ಫೋಟೋವನ್ನು ಮಾಮೂಲಿ ಮೋಡ್‌ನಲ್ಲೂ ಒಂದು ತೆಗೆಸಿಡಿ. ಗುಂಪು ಫೋಟೋಕ್ಕೆ 0.5 ಜೂಮ್ ಬಳಸಿದರೆ ತುದಿಯಲ್ಲಿ ನಿಂತವರು ದಪ್ಪಗೆ, ವಾಲಿದಂತೆ ಕಾಣುತ್ತಾರೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ 1ರಲ್ಲಿ ತೆಗೆಯುವುದು ಸರಿ. ಬಿಳಿ ಪಂಚೆಯ ಹೊಳಪಿಗೆ ಮುಖ ಕಪ್ಪಾದರೆ ಮುಖದ ಮೇಲೆ ಬೆರಳು ಒತ್ತಿ ಹಿಡಿದು ಬೆಳಕನ್ನು ಅಲ್ಲಿಗೇ ಲಾಕ್ ಮಾಡಬೇಕು.

ಇನ್ನೊಂದು ಸಣ್ಣ ವಿಷಯ, ಆದರೆ ದಿನವಿಡೀ ಕಾಡುವಂಥದ್ದು. ಅರಿಶಿನ, ಕುಂಕುಮ, ಎಣ್ಣೆ ಸೋಂಕಿದ ಬೆರಳು ಫೋನಿನ ಹಿಂಬದಿಗೆ ತಾಗುತ್ತಲೇ ಇರುತ್ತದೆ. ಅದರ ಮೇಲೆ ಹೋಮದ ಹೊಗೆ ಬೇರೆ. ಲೆನ್ಸಿನ ಮೇಲೆ ಕಾಣದಂಥ ಪದರ ಕಟ್ಟಿ, ದೀಪಗಳಿಂದ ಉದ್ದನೆಯ ಗೆರೆಗಳು ಹೊರಟು ಇಡೀ ಚಿತ್ರ ಮಂಜಾಗುತ್ತದೆ. ಅರ್ಧ ಗಂಟೆಗೊಮ್ಮೆ ಹತ್ತಿಬಟ್ಟೆಯಿಂದ ಒರೆಸಲು ಹೇಳಿ, ರೇಷ್ಮೆ ಸೆರಗಿನಿಂದ ಬೇಡ. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿಸಿ. ವಿಡಿಯೋ ನಡುವೆ ಬಂದ ‘ಛತ್ರಕ್ಕೆ ದಾರಿ ಯಾವ ಕಡೆ?’ ಎಂಬ ಕರೆಗೆ ಉತ್ತರಿಸಿದರೆ ರೆಕಾರ್ಡಿಂಗ್ ನಿಂತುಹೋಗುತ್ತದೆ. ಬಿಸಿಲಿನ ಚಪ್ಪರದಲ್ಲಿ ಪವರ್ ಬ್ಯಾಂಕ್ ಸಿಕ್ಕಿಸಿಕೊಂಡೇ 4ಕೆ ವಿಡಿಯೋ ಮಾಡಿದರೆ ಫೋನ್ ಕಾದು ತಾನಾಗಿ ನಿಲ್ಲುವುದೂ ಉಂಟು.

ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಕ್ಕಳಿಗೆ ನೇರಪ್ರಸಾರ ಬೇಕಿದ್ದರೆ ಅದಕ್ಕೂ ಫೋನೇ ಸಾಕು, ಆದರೆ ಬೇರೆ ಫೋನ್, ಟ್ರೈಪಾಡ್ ಮೇಲೆ. ಯೂಟ್ಯೂಬ್‌ನಲ್ಲಿ ಫೋನಿನಿಂದ ಲೈವ್ ಹೋಗಲು ಚಾನೆಲ್‌ಗೆ 50 ಚಂದಾದಾರರು ಇರಬೇಕು, ಮೊದಲ ಸಲ ಲೈವ್ ಸೌಲಭ್ಯ ತೆರೆಯಲು 24 ಗಂಟೆವರೆಗೂ ಹಿಡಿಯುತ್ತದೆ. ಮುಹೂರ್ತದ ಬೆಳಿಗ್ಗೆ ಶುರು ಮಾಡಹೋದರೆ ಆಗದು. ಎರಡು ದಿನ ಮೊದಲೇ ಸಿದ್ಧಮಾಡಿ, ಛತ್ರದೊಳಗೆ ನಿಂತು ಸಿಗ್ನಲ್ ನೋಡಿ.

ರೀಲ್ಸ್ ಮಾಡಿಕೊಡುವವರು

ಇದು ಹೊಸ ಕಸುಬು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು, ಜುಲೈನಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ಇಲ್ಲಿಗೆ ಬಂತು. ಅಲ್ಲಿಂದ ಮದುವೆಮನೆಯಲ್ಲಿ ಅಡ್ಡ ಚಿತ್ರಕ್ಕಿಂತ ನಿಲುವು ಚಿತ್ರಕ್ಕೆ ಬೇಡಿಕೆ ಏರಿತು. ಇವರ ಬಲ ವೇಗ. ಮೆಹಂದಿ ಮುಗಿಯುವಷ್ಟರಲ್ಲಿ ಹಾಡು ಜೋಡಿಸಿದ 30 ಸೆಕೆಂಡಿನ ತುಣುಕು ನಿಮ್ಮ ಕೈಗೆ ಬಂದಿರುತ್ತದೆ. ಸ್ನೇಹಿತರ ಬಳಗಕ್ಕೆ, ಬರಲಾಗದ ನೆಂಟರಿಗೆ ಅದರ ಸಂತೋಷ ನಿಜವಾದದ್ದು; ಅದನ್ನು ಹಗುರವಾಗಿ ನೋಡಬೇಕಿಲ್ಲ.

ಕೊರತೆಯೂ ಅಲ್ಲೇ ಇದೆ. 9:16ರ ನಿಲುವು ವಿಡಿಯೋವನ್ನು ಟಿವಿಯಲ್ಲಿ ಹಾಕಿದರೆ ಎರಡೂ ಬದಿ ಕಪ್ಪು, ನಡುವೆ ಒಂದು ಪಟ್ಟಿ. ಎರಡು ಮೂರು ಸೆಕೆಂಡಿನ ತುಣುಕುಗಳಲ್ಲೇ ಚಿತ್ರೀಕರಿಸಿರುವುದರಿಂದ ಪೂರ್ತಿ ಮಂತ್ರ, ಪೂರ್ತಿ ಸಪ್ತಪದಿ, ಸೋಬಾನೆ ಹಾಡಿದ ಮುತ್ತಜ್ಜಿಯ ದನಿ ಎಲ್ಲೂ ಉಳಿದಿರುವುದಿಲ್ಲ. ರೀಲ್ಸ್ ಅಳತೆಯ (1080×1920) ವಿಡಿಯೋದಿಂದ ಕತ್ತರಿಸಿ ತೆಗೆದ ಚಿತ್ರ ಸುಮಾರು 2 ಮೆಗಾಪಿಕ್ಸೆಲ್, ಆಲ್ಬಮ್‌ಗೆ ಬಾರದು. ಅಂದರೆ ಈ ಆಯ್ಕೆ ಫೋಟೋಗ್ರಾಫರ್‌ಗೆ ಬದಲಿಯಲ್ಲ, ಮೇಲಿನ ಸೇರ್ಪಡೆ. ಇರುವ ಹಣದಲ್ಲಿ ಎರಡರಲ್ಲಿ ಒಂದೇ ಆಗುವುದಾದರೆ ರೀಲ್ಸನ್ನು ಬಿಡಿ. ಮನೆಯ ಕಾಲೇಜು ಹುಡುಗಿ ಅದನ್ನು ಖುಷಿಯಿಂದಲೇ ಮಾಡಿಕೊಡುತ್ತಾಳೆ.

ಕರೆಸುವುದೇ ಆದರೆ ಎರಡು ಮಾತು ಖಚಿತ ಮಾಡಿಕೊಳ್ಳಿ. ಕಚ್ಚಾ ತುಣುಕುಗಳೆಲ್ಲ ನಿಮಗೆ ಸಿಗಬೇಕು. ಧಾರೆಯ ಹೊತ್ತಿಗೆ ಅವರು ಮುಖ್ಯ ಫೋಟೋಗ್ರಾಫರ್‌ನ ಹಿಂದೆ ನಿಲ್ಲಬೇಕು. ತಾಳಿ ಕಟ್ಟುವ ಫೋಟೋದ ನಟ್ಟನಡುವೆ ಗಿಂಬಲ್ ಹಿಡಿದ ತೋಳು ಬರುವುದು ಈಗ ಎಲ್ಲ ಕಡೆಯ ದೂರು.

ಒಬ್ಬರೇ ಫೋಟೋಗ್ರಾಫರ್

ಬಹಳಷ್ಟು ಮಧ್ಯಮ ವರ್ಗದ ಮನೆಗಳಿಗೆ ಇದೇ ಸರಿಯಾದ ಆಯ್ಕೆ, ಮತ್ತು ಸಾಮಾಜಿಕ ಜಾಲತಾಣದ ಅಬ್ಬರದಲ್ಲಿ ಹೆಚ್ಚು ಕಡೆಗಣನೆಗೆ ಒಳಗಾಗಿರುವ ಆಯ್ಕೆಯೂ ಇದೇ. ಒಂದು ಮಿರರ್‌ಲೆಸ್ ಅಥವಾ ಡಿಎಸ್‌ಎಲ್‌ಆರ್, ಎಫ್ 2.8ರ ಎರಡು ಲೆನ್ಸುಗಳು (ಹತ್ತಿರಕ್ಕೆ 24–70 ಮಿಲಿಮೀಟರ್, ದೂರಕ್ಕೆ 70–200), ಎರಡು ಫ್ಲ್ಯಾಶ್, ಬದಲಿಗೆ ಇನ್ನೊಂದು ಕ್ಯಾಮೆರಾ ಬಾಡಿ ಇರುವ ಅನುಭವಿ ಒಬ್ಬರು ಸಣ್ಣ ಮದುವೆಯನ್ನು, ಉಪನಯನವನ್ನು, ಗೃಹಪ್ರವೇಶವನ್ನು ಚೆನ್ನಾಗಿಯೇ ನಿಭಾಯಿಸುತ್ತಾರೆ.

ಗೃಹಪ್ರವೇಶದ ಉದಾಹರಣೆ ತೆಗೆದುಕೊಳ್ಳಿ. ಬೆಳಗಿನ ಜಾವದ ಮುಹೂರ್ತ, ಹೊರಗೆ ಇನ್ನೂ ಕತ್ತಲು, ಒಳಗೆ ಹೋಮದ ಹೊಗೆ, ಹೊಸ ಬಣ್ಣದ ಗೋಡೆಗಳು. ಇಲ್ಲಿ ಫ್ಲ್ಯಾಶನ್ನು ನೇರ ಮುಖಕ್ಕೆ ಹೊಡೆದರೆ ಹೊಗೆಯೇ ಬೆಳಗಿ ಚಿತ್ರವೆಲ್ಲ ಬೆಳ್ಳಗಾಗುತ್ತದೆ. ಬಲ್ಲವರು ಅದನ್ನು ಬಿಳಿ ತಾರಸಿಗೆ ತಿರುಗಿಸಿ ಬೆಳಕನ್ನು ಮೇಲಿನಿಂದ ಇಳಿಸುತ್ತಾರೆ. ತಾರಸಿ ಎತ್ತರವಾಗಿದ್ದರೆ ಅಥವಾ ಛತ್ರದಲ್ಲಿರುವಂತೆ ಮೇಲೆ ಬಣ್ಣದ ಬಟ್ಟೆ ಕಟ್ಟಿದ್ದರೆ ಈ ದಾರಿ ನಡೆಯದು. ಕೆಂಪು ಬಟ್ಟೆಗೆ ಬಡಿದು ಬಂದ ಬೆಳಕು ಎಲ್ಲರ ಮುಖವನ್ನೂ ಕೆಂಪಾಗಿಸುತ್ತದೆ. ಆಗ ಸ್ಟ್ಯಾಂಡಿನ ಮೇಲೆ ಛತ್ರಿ ಕಟ್ಟಿದ ಇನ್ನೊಂದು ಫ್ಲ್ಯಾಶ್ ಬೇಕು. ಫೋಟೋಗ್ರಾಫರ್‌ಗೆ ಕೊಡುವ ಹಣದ ದೊಡ್ಡ ಪಾಲು ಇಂಥ ತೀರ್ಮಾನಗಳಿಗೆ ಸಲ್ಲುತ್ತದೆ.

ಎಲ್‌ಇಡಿ ದೀಪಗಳದು ಇನ್ನೊಂದು ಕಾಟ. ನಮ್ಮ ವಿದ್ಯುತ್ 50 ಹರ್ಟ್ಸ್. ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಕಾಣದ ಆ ಮಿಣುಕು ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಮುಖದ ಮೇಲೆ ಅಡ್ಡಪಟ್ಟೆಗಳಾಗಿ ಬೀಳುತ್ತದೆ. ಕ್ಯಾಮೆರಾದಲ್ಲಿ ಮೆಕ್ಯಾನಿಕಲ್ ಶಟರ್ ಇಟ್ಟು ಆ್ಯಂಟಿ ಫ್ಲಿಕರ್ ಹಾಕಿದರೆ ಬಹುಪಾಲು ಪರಿಹಾರ. ಫೋನಿನ ವಿಡಿಯೋದಲ್ಲಿ ಪಟ್ಟೆ ಬರುತ್ತಿದ್ದರೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟು ನೋಡಿ.

ಒಬ್ಬರೇ ಆದಾಗ ಕಳೆದುಕೊಳ್ಳುವುದೇನು ಎಂಬುದನ್ನೂ ಒಪ್ಪಿಕೊಳ್ಳಬೇಕು. ಅವರು ವರನ ಕೋಣೆಯಲ್ಲಿದ್ದಾಗ ವಧುವಿನ ಕೋಣೆಯಲ್ಲಿಲ್ಲ. ತಾಳಿ ಕಟ್ಟುವಾಗ ವಧುವಿನ ಮುಖ ಹಿಡಿದರೆ ಕಣ್ಣೊರೆಸಿಕೊಳ್ಳುವ ಅಪ್ಪನ ಮುಖ ತಪ್ಪುತ್ತದೆ. ಫೋಟೋ ತೆಗೆಯುವವರೇ ವಿಡಿಯೋವನ್ನೂ ಮಾಡಲಿ ಎಂದು ಮಾತ್ರ ಕೇಳಬೇಡಿ, ಎರಡೂ ಅರ್ಧರ್ಧವಾಗುತ್ತವೆ. ಇಲ್ಲಿಯೇ ಫೋನ್ ನೆರವಿಗೆ ಬರುವುದು. ಮಂಟಪದ ಪಕ್ಕದಲ್ಲಿ ಟ್ರೈಪಾಡ್ ಮೇಲೆ ಒಂದು ಒಳ್ಳೆಯ ಫೋನ್ ಇಟ್ಟು, ಅಡ್ಡವಾಗಿ, ಅಂತರಪಟದಿಂದ ಸಪ್ತಪದಿಯವರೆಗೆ ಮುಟ್ಟದೆ ಓಡಲು ಬಿಡಿ. ಅಪ್ಪ ಅಮ್ಮನ ಕಡೆ ಮುಖ ಮಾಡಿ ಇನ್ನೊಬ್ಬರು ಫೋನ್ ಹಿಡಿದಿರಲಿ. ಮಿತವ್ಯಯದ ಮದುವೆಗೆ ಇದಕ್ಕಿಂತ ಒಳ್ಳೆಯ ಜೋಡಣೆ ಇಲ್ಲವೆಂದೇ ಹೇಳಬೇಕು.

ಪೂರ್ತಿ ತಂಡ

500 ಜನ ಮೀರಿದ ಮದುವೆ, ಎರಡು ದಿನದ ಕಾರ್ಯ, ಹಿಂದಿನ ಸಂಜೆ ಆರತಕ್ಷತೆ ಮರುದಿನ ಧಾರೆ, ಎರಡೂ ಕಡೆಯ ಶಾಸ್ತ್ರ ಬೇರೆ ಬೇರೆ: ಇಂಥಲ್ಲಿ ಕನಿಷ್ಠ ಇಬ್ಬರು ಫೋಟೋ, ಇಬ್ಬರು ವಿಡಿಯೋ ಬೇಕಾಗುತ್ತದೆ. ಆರತಕ್ಷತೆಯಲ್ಲಿ ಸಾಲಾಗಿ ಬರುವ ನೆಂಟರ ಫೋಟೋ ಒಬ್ಬರ ಪೂರ್ಣಾವಧಿ ಕೆಲಸ. ಆಗ ಸಭಿಕರ ನಡುವೆ ಓಡಾಡಲು ಇನ್ನೊಬ್ಬರು ಇರಲೇಬೇಕು.

ತಂಡದ ದರಪಟ್ಟಿಯಲ್ಲಿ ಎಲ್ಲವೂ ಒಂದೇ ಪ್ಯಾಕೇಜ್ ಆಗಿ ಬರುತ್ತದೆ. ಅದನ್ನು ಬಿಡಿಸಿ ನೋಡಿ. ಪ್ರಿ ವೆಡ್ಡಿಂಗ್ ಶೂಟ್, ಡ್ರೋನ್, ಎಲ್‌ಇಡಿ ವಾಲ್, ಟೀಸರ್ ಇವೆಲ್ಲ ಜಾಲತಾಣದಲ್ಲಿ ಕಣ್ಣಿಗೆ ಹೊಡೆಯುವ ವಸ್ತುಗಳು. ಅವನ್ನು ತೆಗೆದರೆ ಉಳಿಯುವ ಹಣದಲ್ಲಿ ಇನ್ನೊಬ್ಬ ಒಳ್ಳೆಯ ಫೋಟೋಗ್ರಾಫರ್ ಅಥವಾ ಒಳ್ಳೆಯ ಕಾಗದದ ಆಲ್ಬಮ್ ಬರುತ್ತದೆ. ಡ್ರೋನ್ ಬೇಕೇ ಬೇಕು ಎಂದಾದರೆ 2021ರ ಡ್ರೋನ್ ನಿಯಮಗಳಂತೆ ಜಾಗ ಹಸಿರು ವಲಯದಲ್ಲಿ (ಮೊದಲೇ ಅನುಮತಿ ಪಡೆಯದೆ ಹಾರಿಸಬಹುದಾದ ಪ್ರದೇಶ) ಇದೆಯೇ ಎಂದು ಕೇಳಿ. ವಿಮಾನ ನಿಲ್ದಾಣ, ಸೇನಾ ನೆಲೆಗಳ ಹತ್ತಿರದ ಛತ್ರದಲ್ಲಿ ಅನುಮತಿಯಿಲ್ಲದೆ ಅದನ್ನು ಹಾರಿಸುವಂತಿಲ್ಲ.

ಕೈಯಲ್ಲಿರುವ ಹಣ ನೋಡಿ

ದರ ಊರಿಂದ ಊರಿಗೆ, ಲಗ್ನದಿಂದ ಲಗ್ನಕ್ಕೆ ಏರಿಳಿಯುತ್ತದೆ. ಹಾಗಾಗಿ ನಿಮ್ಮ ಮಿತಿಯಿಂದ ಶುರು ಮಾಡುವುದು ಒಳ್ಳೆಯದು.

15 ಸಾವಿರ ದಾಟಲಾಗದು ಎಂದಿದ್ದರೆ ಇಡೀ ದಿನಕ್ಕೆ ಕಡಿಮೆ ದರದವರನ್ನು ಹುಡುಕಬೇಡಿ. ಒಳ್ಳೆಯ ಒಬ್ಬರನ್ನು ಮುಹೂರ್ತದ ಮೂರ್ನಾಲ್ಕು ಗಂಟೆಗೆ ಮಾತ್ರ ಕರೆಸಿ. ಕಾಶಿಯಾತ್ರೆಯಿಂದ ಸಪ್ತಪದಿ, ಅದಾದ ಮೇಲೆ ಮನೆಮಂದಿಯ ಗುಂಪು ಫೋಟೋ. ಅರಿಶಿನ, ಬಳೆ ಶಾಸ್ತ್ರ, ಊಟ, ಮೆರವಣಿಗೆ ಎಲ್ಲ ಫೋನಿಗಿರಲಿ. ಆಲ್ಬಮ್ ಈಗಲೇ ಬೇಡ. ಫೈಲ್ ತೆಗೆದುಕೊಂಡು, 4×6 ಅಳತೆಯ ನೂರು ಪ್ರಿಂಟ್ ಹಾಕಿಸಿ. ಆಲ್ಬಮನ್ನು ಮುಂದಿನ ವರ್ಷ ಮಾಡಿಸಿದರೂ ಫೋಟೋ ಹಳಸುವುದಿಲ್ಲ.

30ರಿಂದ 50 ಸಾವಿರದ ನಡುವೆ ಇದ್ದರೆ ಆರತಕ್ಷತೆ, ಧಾರೆ ಎರಡೂ ಹೊತ್ತಿಗೆ ಒಬ್ಬರು, ಧಾರೆಗೆ ಮಾತ್ರ ಎರಡನೆಯವರು, 25–30 ಶೀಟಿನ ಒಂದು ಆಲ್ಬಮ್. ಒಂದು ಶೀಟಿಗೆ ನಾಲ್ಕರಿಂದ ಆರು ಫೋಟೋ ಚೆನ್ನಾಗಿ ಕೂರುತ್ತವೆ, ಅಂದರೆ ಒಟ್ಟು 150ರ ಆಸುಪಾಸು. ‘3000 ಫೋಟೋ ಕೊಡ್ತೀವಿ’ ಎಂಬ ಭರವಸೆಗೆ ಅಂಥ ಬೆಲೆಯೇನಿಲ್ಲ. ಆಲ್ಬಮ್ ವರ್ಷಗಟ್ಟಲೆ ಬಾರದಿರುವುದಕ್ಕೆ ಬಹಳ ಸಲ ಕಾರಣ ಮನೆಯವರು 3000ದಲ್ಲಿ 150 ಆರಿಸಲಾಗದೆ ಕೂತಿರುವುದು.

ಲಕ್ಷ ದಾಟಿ ಖರ್ಚು ಮಾಡುವವರಿಗೆ ಒಂದೇ ಮಾತು: ಸಾಮಾನು ಹೆಚ್ಚಿಸುವ ಮೊದಲು ಜನರನ್ನು ಹೆಚ್ಚಿಸಿ.

ದಿನ ಹೊಂದಿಸಿಕೊಳ್ಳಲು ಆಗುವುದಾದರೆ ಮಾತುಕತೆಯನ್ನು ಆಷಾಢದಲ್ಲಿ ಇಟ್ಟುಕೊಳ್ಳಿ. ಆ ತಿಂಗಳು ಮದುವೆ ಕಡಿಮೆ, ಫೋಟೋಗ್ರಾಫರ್‌ಗಳಿಗೆ ಬಿಡುವಿರುತ್ತದೆ, ಹಳೆಯ ಕೆಲಸ ತೋರಿಸಿ ಮಾತಾಡಲು ಸಮಯವೂ ಇರುತ್ತದೆ.

ಅಡ್ವಾನ್ಸ್ ಕೊಡುವ ಮೊದಲು

ಇನ್‌ಸ್ಟಾಗ್ರಾಮ್ ಪುಟ ನೋಡಿ ತೀರ್ಮಾನ ಮಾಡಬೇಡಿ. ಅಲ್ಲಿರುವುದು ಐವತ್ತು ಮದುವೆಗಳಿಂದ ಆರಿಸಿದ ಐವತ್ತು ಫೋಟೋ, ಅದರಲ್ಲೂ ಸಂಜೆಯ ಹೊಂಬಿಸಿಲಿನಲ್ಲಿ ಹೊರಾಂಗಣದಲ್ಲಿ ತೆಗೆದದ್ದು. ನಿಮ್ಮಂಥದ್ದೇ ಛತ್ರದಲ್ಲಿ ನಡೆದ ಒಂದೇ ಮದುವೆಯ ಎಲ್ಲ ಫೋಟೋಗಳನ್ನು, ಗಿರಾಕಿಗೆ ಕೊಟ್ಟಂತೆಯೇ, ತೋರಿಸಲು ಕೇಳಿ. ನೋಡುವಾಗ ಕಣ್ಣಿಡಬೇಕಾದದ್ದು: ಅಂತರಪಟ ಸರಿದ ಗಳಿಗೆ ಸಿಕ್ಕಿದೆಯೇ, ತಾಳಿ ಕಾಣುತ್ತಿದೆಯೇ ಅಥವಾ ಬರೀ ಕೈಗಳ ಗೋಜಲೇ, ಗುಂಪು ಫೋಟೋದ ಹಿಂದಿನ ಸಾಲಿನ ಮುಖಗಳು ಸ್ಪಷ್ಟವಾಗಿವೆಯೇ, ಕಪ್ಪು ಮೈಬಣ್ಣದವರನ್ನು ಬೂದಿ ಬಳಿದಂತೆ ಬೆಳ್ಳಗೆ ಮಾಡಿದ್ದಾರೆಯೇ. ಈ ಕೊನೆಯದು ಜಾಲತಾಣದ ಫಿಲ್ಟರ್‌ಗಳಿಂದ ಅಂಟಿದ ಕೆಟ್ಟ ಚಾಳಿ. ನಮ್ಮವರ ನಿಜವಾದ ಬಣ್ಣವನ್ನು ಬಣ್ಣವಾಗಿಯೇ ಉಳಿಸುವವರನ್ನು ಆರಿಸಿ.

ಆ ದಿನ ಬರುವವರು ಯಾರು ಎಂಬುದನ್ನು ಹೆಸರು ಸಮೇತ ಬರೆಸಿಕೊಳ್ಳಿ. ದೊಡ್ಡ ಲಗ್ನದ ದಿನ ಒಂದೇ ಸ್ಟುಡಿಯೋ ಎರಡು ಮೂರು ಮದುವೆ ಒಪ್ಪಿಕೊಂಡು ಹೊರಗಿನವರನ್ನು ಕಳಿಸುವುದುಂಟು. ಕ್ಯಾಮೆರಾದಲ್ಲಿ ಎರಡು ಕಾರ್ಡ್ ಇದ್ದು ಎರಡರಲ್ಲೂ ಏಕಕಾಲಕ್ಕೆ ಉಳಿಯುತ್ತದೆಯೇ ಎಂದು ಕೇಳಿ. ಒಂದೇ ಕಾರ್ಡ್ ಕೆಟ್ಟು ಮದುವೆಯೇ ಹೋದ ಉದಾಹರಣೆಗಳಿವೆ. ಶೀಟುಗಳ ಸಂಖ್ಯೆ, ಹೆಚ್ಚುವರಿ ಶೀಟಿನ ದರ, ಎಷ್ಟು ದಿನದಲ್ಲಿ ಕೊಡುತ್ತಾರೆ, ಎಡಿಟ್ ಮಾಡದ ಫೈಲ್‌ಗಳೂ ಸಿಗುತ್ತವೆಯೇ, ಇವೆಲ್ಲ ಕಾಗದದಲ್ಲಿರಲಿ. ಹಣದ ಕೊನೆಯ ಕಂತನ್ನು ಆಲ್ಬಮ್ ಕೈಗೆ ಬಂದ ಮೇಲೆ ಕೊಡುವುದು ವಾಡಿಕೆ, ಅದನ್ನು ಬಿಟ್ಟುಕೊಡಬೇಡಿ.

ಹಕ್ಕಿನ ಮಾತನ್ನು ಬಹಳ ಮನೆಗಳಲ್ಲಿ ಯಾರೂ ಎತ್ತುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಒಡೆಯರು ತೆಗೆಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಆದ್ದರಿಂದ ನೀವು ಸಹಿ ಹಾಕುವ ಕಾಗದದಲ್ಲಿ ಏನಿದೆ ಎಂದು ಓದಿ. ನಿಮ್ಮ ಮನೆಯ ಹೆಣ್ಣುಮಕ್ಕಳ, ಪುಟ್ಟ ಮಕ್ಕಳ ಫೋಟೋ ಅವರ ಪುಟದಲ್ಲಿ ಹೋಗುವುದು ಬೇಡವಾದರೆ ಅದನ್ನು ಮೊದಲೇ ಬರೆಸಿ. ಹಾಕಲು ಒಪ್ಪಿದರೆ ಕೆಲವರು ದರದಲ್ಲಿ ರಿಯಾಯಿತಿ ಕೊಡುತ್ತಾರೆ. ಅದೂ ನ್ಯಾಯವಾದ ವ್ಯವಹಾರವೇ, ಯಾವ ಫೋಟೋ ಎಂಬುದನ್ನು ನೀವು ಆರಿಸಿಕೊಡುವುದಾದರೆ.

ಕಾರ್ಯ ಮುಗಿದ ರಾತ್ರಿ ಫೋನಿನಲ್ಲಿ ತೆಗೆದವರಿಂದ ಫೈಲ್‌ಗಳನ್ನು ಕೇಬಲ್ ಹಾಕಿಯೇ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಿ. ನೆಂಟರು ಊರಿಗೆ ಹೋದ ಮೇಲೆ ಬರುವುದು ವಾಟ್ಸ್ಆ್ಯಪ್ ಪ್ರತಿಗಳೇ. ಫೋಟೋಗ್ರಾಫರ್ ಕೊಡುವ ಮೂಲ ಫೈಲ್‌ಗಳು ಒಂದೊಂದು 25–30 ಎಂಬಿ, ಎಲ್ಲ ಸೇರಿ 80 ಜಿಬಿ ಆಗುವುದು ಸಾಮಾನ್ಯ; ಗೂಗಲ್‌ನ ಉಚಿತ 15 ಜಿಬಿಯಲ್ಲಿ ಹಿಡಿಸುವುದಿಲ್ಲ. ಎರಡು ಹಾರ್ಡ್‌ಡಿಸ್ಕ್ ತಂದು ಎರಡರಲ್ಲೂ ತುಂಬಿ, ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ಬೀಗರ ಮನೆಯಲ್ಲಿ ಇಡಿ. ಸ್ಟುಡಿಯೋದವರು ತಮ್ಮ ಪ್ರತಿಯನ್ನು ಎಷ್ಟು ದಿನ ಇಟ್ಟುಕೊಂಡಿರುತ್ತಾರೆ ಎಂದು ಅವತ್ತೇ ಕೇಳಿ, ಆ ಅವಧಿಯೊಳಗೆ ನಿಮ್ಮ ಡಿಸ್ಕಿನ ಒಂದೊಂದು ಫೋಲ್ಡರನ್ನೂ ತೆರೆದು ಫೋಟೋ ತೆರೆಯುತ್ತದೆಯೇ ಎಂದು ನೋಡಿಬಿಡಿ.